ಚೆನ್ನಾಗಿದ್ದಾಗ ಕರ್ಕೊಂಡು ಬನ್ನಿ

ಮಧುಗಿರಿಯಲ್ಲಿ ನಮ್ಮ ಬೀದಿಯ ನಾಯಿಗಳಿಗೆ ತೆಲುಗು ಬರುತ್ತದೆ. ನಾವೆಲ್ಲ ಮನೆಯಲ್ಲಿ ಕನ್ನಡ ಮಾತಾಡುವವರು, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುವವರು. ಆದರೆ ನಮ್ಮ ನಾಯಿ ‘ಕೂತ್ಕೋ’ ಎಂದರೆ ಮುಖ ನೋಡುತ್ತ ನಿಲ್ಲುತ್ತದೆ, ‘ಕೂಚೋ’ ಎಂದರೆ ತಕ್ಷಣ ಕೂರುತ್ತದೆ. ಇದನ್ನು ಕಲಿಸಿದವರು ಬೆಟ್ಟದ ಬುಡದ ಬೀದಿಯಲ್ಲಿ ತಮ್ಮ ಮನೆಯ ಮುಂದಿನ ಕೋಣೆಯನ್ನೇ ಆಸ್ಪತ್ರೆ ಮಾಡಿಕೊಂಡಿದ್ದ ಒಬ್ಬ ಪಶುವೈದ್ಯೆ. ಪಾವಗಡದ ಕಡೆಯವರು. ಜನರೊಡನೆ ಕನ್ನಡ, ಪ್ರಾಣಿಗಳೊಡನೆ ತೆಲುಗು. ಊರಿನವರಿಗೆಲ್ಲ ಅವರು ಡಾಕ್ಟ್ರಮ್ಮ. ಹೆಸರು ಬರೆದು ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಆದ್ದರಿಂದ ನಾನೂ ಹೆಸರು ಬರೆಯುವುದಿಲ್ಲ.

ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಮತ್ತೆ ಏಳಲಿಲ್ಲ. ಹೃದಯದ ತೊಂದರೆ ಇತ್ತು, ಅದು ಅವರಿಗೂ ಗೊತ್ತಿತ್ತು. ಸುದ್ದಿ ತಿಳಿದು ಹೋದವರೆಲ್ಲ ಆ ಮುಂದಿನ ಕೋಣೆಯಲ್ಲೇ ಕೂತೆವು. ಒಬ್ಬೊಬ್ಬರೂ ಒಂದೊಂದು ಪ್ರಾಣಿಯ ಹೆಸರು ಹೇಳಿ ಪರಿಚಯ ಮಾಡಿಕೊಂಡೆವು. ನಾನು ಸೂರಿ ಮನೆಯವಳು, ಇವರು ಪಿಂಕಿ ಮನೆಯವರು, ಅವರು ಕರಿಯನ ಮನೆಯವರು. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಪಾಠ ಹೇಳಿದ ನನಗೆ ಆ ಕೋಣೆಯಲ್ಲಿ ಬೇರೆ ಗುರುತೇ ಇರಲಿಲ್ಲ, ಬೇಕೆಂದೂ ಅನ್ನಿಸಲಿಲ್ಲ.

ನಮ್ಮವರು ಪಾವಗಡದಿಂದ ತುಮಕೂರಿಗೆ ಓಡುವ ಬಸ್ಸಿನಲ್ಲಿ ಕಂಡಕ್ಟರ್. ನಮ್ಮ ನಾಯಿ ಸೂರಿ ಮನೆಗೆ ಬಂದದ್ದು ಪಾವಗಡದ ತಿರುಮಣಿ ಕಡೆ ಹೊಲಗಳನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಕೊಟ್ಟ ಸಮಯದಲ್ಲಿ. ಹೊಲವೇ ಹೋದ ಮೇಲೆ ಹೊಲ ಕಾಯುವ ನಾಯಿ ಹಾಕಿದ ಮರಿಗಳನ್ನು ಏನು ಮಾಡುವುದು ಎಂದು ಅಲ್ಲಿನ ರೈತರೊಬ್ಬರು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದರಂತೆ. ಮಧುಗಿರಿ ಬರುವಷ್ಟರಲ್ಲಿ ಬುಟ್ಟಿ ಖಾಲಿ. ಒಂದು ಮರಿ ನಮ್ಮವರ ಕಂಕುಳಲ್ಲಿ ಮನೆಗೆ ಬಂತು. “ಬಿಸಿಲು ಹಿಡಿದು ಕರೆಂಟ್ ಮಾಡೋ ಊರಿಂದ ಬಂದವ್ನು. ಸೂರಿ ಅಂತ ಕರಿ,” ಎಂದರು.

ಬಂದ ವಾರದಲ್ಲೇ ಮರಿ ವಾಂತಿ ಮಾಡಿಕೊಂಡು ನೆಲಕ್ಕೆ ಬಿತ್ತು. ಟವೆಲ್ಲಿನಲ್ಲಿ ಸುತ್ತಿಕೊಂಡು ಡಾಕ್ಟ್ರಮ್ಮನ ಹತ್ತಿರ ಓಡಿದೆ. ಅದುವರೆಗೆ ಅವರನ್ನು ನಾನು ನೋಡಿರಲಿಲ್ಲ. ದಪ್ಪ ಮೈ, ಸೊಂಟಕ್ಕೆ ಸಿಕ್ಕಿಸಿದ ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಮರಿಯನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು, “ಏಮೈಂದಿ ನಾಯನಾ ನೀಕು?” ಎಂದು ಅದರ ಮುಖಕ್ಕೆ ಮುಖ ತಂದು ಕೇಳಿದರು. ಏನಾಯಿತಪ್ಪ ನಿನಗೆ ಎಂದು. ಉತ್ತರ ಬರುತ್ತದೆಂಬಂತೆ ಸ್ವಲ್ಪ ಹೊತ್ತು ಕಾದರು. ಆಮೇಲೆ ನನ್ನ ಕಡೆ ತಿರುಗಿದರು. ಡ್ರಿಪ್ ಹಾಕಿದರು, ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಮರಿ ಉಳಿಯಿತು. ಕರೆದುಕೊಂಡು ಹೊರಟಾಗ ಬಾಗಿಲವರೆಗೂ ಬಂದರು.

“ಇವನು ಪೂರ್ತಿ ಚೆನ್ನಾಗಾದ ಮೇಲೆ ಒಂದ್ಸಲ ಕರ್ಕೊಂಡು ಬನ್ನಿ.”

“ಚೆನ್ನಾಗಾದ ಮೇಲೆ ಯಾಕೆ ಮೇಡಂ?”

“ಚೆನ್ನಾಗಿರೋ ಸೂರಿನ ನಾನು ನೋಡೇ ಇಲ್ವಲ್ಲ!”

ಮನೆಗೆ ಬಂದು ಹೇಳಿದರೆ ನಮ್ಮವರು ಬಿದ್ದೂ ಬಿದ್ದೂ ನಕ್ಕರು. “ಜ್ವರ ಬರ್ದೆ ನಾನೇ ಯಾವತ್ತೂ ಡಾಕ್ಟ್ರ ಮುಖ ನೋಡಿಲ್ಲ ಕಣೇ, ನಾಯಿ ಹೋಗ್ಬೇಕಂತಾ?” ಆದರೂ ಹೋದೆವು. ಅಂದಿನಿಂದ ಅದು ವರ್ಷವರ್ಷವೂ ನಡೆಯುವ ಕ್ರಮವಾಯಿತು. ಲಸಿಕೆಯ ತಿಂಗಳು ಬಂತೆಂದರೆ ಡಾಕ್ಟ್ರಮ್ಮನೇ ಫೋನು ಮಾಡುವರು.

ಅವರ ತಪಾಸಣೆ ನೋಡುವುದಕ್ಕೇ ಒಂದು ಸೊಗಸು. ಪ್ರಾಣಿ ಒಳಗೆ ಬಂದ ತಕ್ಷಣ ಮುಟ್ಟುತ್ತಿರಲಿಲ್ಲ. ತಾವು ಬೇರೆ ಏನೋ ಕೆಲಸದಲ್ಲಿದ್ದಂತೆ ಹತ್ತಿ ಸುತ್ತುತ್ತಲೋ ಬಾಟಲಿ ಒರೆಸುತ್ತಲೋ ಅದು ಕೋಣೆಯಲ್ಲಿ ಓಡಾಡುವುದನ್ನು ಕಡೆಗಣ್ಣಿನಿಂದ ನೋಡುವರು. ಯಾವ ಕಾಲು ಎಳೆಯುತ್ತಿದೆ, ಉಸಿರು ಹೇಗಿದೆ ಎಂಬುದೆಲ್ಲ ಅಷ್ಟರಲ್ಲೇ ಮುಗಿದಿರುತ್ತಿತ್ತು. ಆಮೇಲೆ ಅದಾಗಿಯೇ ಬಂದು ಅವರ ಶೂ ಮೂಸಿದಾಗ ಕಿವಿ, ಕಣ್ಣು, ಹಲ್ಲು. ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ಮತ್ತೆ ಕೆಂಪು ಬರುವುದನ್ನು ನೋಡುವರು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ಕಣ್ಣು ಮುಚ್ಚಿಕೊಳ್ಳುವರು. ಆಗ ಯಾರೂ ಮಾತಾಡುವಂತಿರಲಿಲ್ಲ.

ತೂಕ ನೋಡುವುದು ಮಾತ್ರ ದೊಡ್ಡ ಗಲಾಟೆ. ಅವರ ಹತ್ತಿರ ಇದ್ದದ್ದು ಮನುಷ್ಯರು ನಿಲ್ಲುವ ತಕ್ಕಡಿ. ನಾಯಿಯನ್ನು ಎತ್ತಿಕೊಂಡು ತಾವೇ ಅದರ ಮೇಲೆ ನಿಂತು, ಮುಳ್ಳು ಓದಿಸಿ, ತಮ್ಮ ತೂಕವನ್ನು ಕಳೆಯಲು ಹೇಳುವರು. “ನಂದು ಎಪ್ಪತ್ತೆರಡು ಕಳೀರಿ!” ಎಂದು ಬೀದಿಗೆ ಕೇಳುವಂತೆ ಕೂಗುವರು. ಕೋಣೆಯಲ್ಲಿ ಗಂಡಸರು ಇದ್ದಾರೆ, ಹೊರಗೆ ಹೋಗುವವರು ಕೇಳಿಸಿಕೊಳ್ಳುತ್ತಾರೆ ಎಂಬ ಸಂಕೋಚವೇ ಇಲ್ಲ. ಒಂದು ಸಲ ಲೆಕ್ಕ ಸರಿಬರಲಿಲ್ಲ. ನೋಡಿದರೆ ಅವರೇ ದಪ್ಪಗಾಗಿದ್ದರು. ಒಳಗಿನಿಂದ ಅವರ ಅಕ್ಕ, “ಹಪ್ಪಳ ಕಮ್ಮಿ ಮಾಡು ಅಂದ್ರೆ ಕೇಳ್ತೀಯಾ?” ಎಂದರು. ಮದುವೆಯಾಗದ ಅಕ್ಕತಂಗಿಯರಿಬ್ಬರೂ ಆ ಮನೆಯಲ್ಲಿದ್ದರು. ಅಕ್ಕನಿಗೆ ಪ್ರಾಣಿಗಳೆಂದರೆ ಆಗುತ್ತಿರಲಿಲ್ಲ. ನಡುಮನೆಯ ಹೊಸಿಲು ದಾಟಿ ಒಂದು ಬೆಕ್ಕಿನ ಕೂದಲೂ ಬರಕೂಡದೆಂಬುದು ಅವರ ಕಟ್ಟಪ್ಪಣೆ. ಆದ್ದರಿಂದಲೇ ಡಾಕ್ಟ್ರಮ್ಮನ ಮನೆಯಲ್ಲಿ ಸ್ವಂತದ್ದೆಂದು ಒಂದು ಪ್ರಾಣಿಯೂ ಇರಲಿಲ್ಲ. “ನಮ್ಮಕ್ಕನ್ನ ಸಾಕಿರೋದೇ ಸಾಕಾಗಿದೆ,” ಎನ್ನುತ್ತಿದ್ದರು, ಅಕ್ಕನಿಗೆ ಕೇಳುವಂತೆ.

ಯಾರಾದರೂ ‘ಪಾಪ, ಮೂಕಪ್ರಾಣಿ’ ಎಂದರೆ ಅವರಿಗೆ ರೇಗುತ್ತಿತ್ತು. “ಯಾರು ಮೂಕ? ಬಾಲದಲ್ಲಿ ಮಾತಾಡ್ತೈತೆ, ಕಿವೀಲಿ ಮಾತಾಡ್ತೈತೆ, ಬೆನ್ನಿನ ಕೂದಲಲ್ಲಿ ಮಾತಾಡ್ತೈತೆ. ನಿಮ್ಮ ಹತ್ರ ಇಷ್ಟು ಮಾತಾಡೋರು ಇನ್ಯಾರಿದಾರೆ ಮನೇಲಿ?”

ಪಿಂಕಿ ಎಂಬ ಪಾಮೇರಿಯನ್ ನಾಯಿಯ ಮನೆಯವರು ಒಮ್ಮೆ ನನ್ನ ಮುಂದೆಯೇ ಸಿಕ್ಕಿಹಾಕಿಕೊಂಡರು. ಪಿಂಕಿ ದಿಂಬಿನ ಹಾಗೆ ಊದಿತ್ತು. ಊಟ ಏನು ಕೊಡುತ್ತೀರಿ ಎಂದರೆ ಮಗ ಸೊಸೆ ಇಬ್ಬರೂ ಅಳೆದು ಕೊಡುತ್ತೇವೆ ಎಂದು ಆಣೆ ಮಾಡಿದರು. ಜೊತೆಗೆ ಬಂದಿದ್ದ ತಾತ ಕ್ಯಾಲೆಂಡರ್ ನೋಡುತ್ತ ಕೂತಿದ್ದರು. ಡಾಕ್ಟ್ರಮ್ಮ ಪಿಂಕಿಯನ್ನು ಕೆಳಗೆ ಬಿಟ್ಟರು. ಅದು ನೇರ ತಾತನ ಹತ್ತಿರ ಹೋಗಿ ಜುಬ್ಬದ ಜೇಬಿಗೆ ಮೂತಿ ಇಟ್ಟಿತು. “ಬರೀ ಎರಡು ಬಿಸ್ಕತ್ತು ಕಣಮ್ಮ, ಕಾಫಿ ಹೊತ್ನಲ್ಲಿ,” ಎಂದರು ತಾತ. “ಕಾಫಿ ಎಷ್ಟು ಸಲ ಕುಡೀತೀರಿ?” ಎಂದು ಡಾಕ್ಟ್ರಮ್ಮ ಕೇಳಿದಾಗ ಕೋಣೆಯೆಲ್ಲ ನಕ್ಕಿತು. ಆದರೆ ಅವರು ತಾತನಿಂದ ಆ ಸುಖವನ್ನು ಕಿತ್ತುಕೊಳ್ಳಲಿಲ್ಲ. ಬಿಸ್ಕತ್ತಿನ ಬದಲು ಕ್ಯಾರೆಟ್ ಚೂರು ಜೇಬಿನಲ್ಲಿಟ್ಟುಕೊಳ್ಳಲು ಹೇಳಿದರು. “ಅದಕ್ಕೆ ಬೇಕಾಗಿರೋದು ನಿಮ್ಮ ಜೇಬು, ಬಿಸ್ಕತ್ತಲ್ಲ.”

ಅವರ ಹೆಸರು ಹರಡಿ ಕೊರಟಗೆರೆಯಿಂದಲೂ ಜನ ಬರತೊಡಗಿದರು. ಅಲ್ಲಿಂದ ಬರುವ ಒಬ್ಬ ಹೆಂಗಸು ಬೆಕ್ಕನ್ನು ಪ್ಲಾಸ್ಟಿಕ್ ವೈರಿನ ಬುಟ್ಟಿಯಲ್ಲಿ ಮುಚ್ಚಿಕೊಂಡು ನಮ್ಮವರ ಬಸ್ಸಿಗೇ ಹತ್ತಿದ್ದರಂತೆ. ಶುಕ್ರವಾರ, ಗೊರವನಹಳ್ಳಿಯ ಲಕ್ಷ್ಮಿ ಗುಡಿಗೆ ಹೋಗಿ ಬಂದ ಜನ ಬಸ್ಸಿನ ತುಂಬ. ಪಕ್ಕದ ಸೀಟಿನ ಅಜ್ಜಿ ಬುಟ್ಟಿಯಲ್ಲಿರುವುದು ಲಕ್ಷ್ಮಿಯ ಪ್ರಸಾದವೆಂದು ಭಕ್ತಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬುಟ್ಟಿ ‘ಮ್ಯಾವ್’ ಎಂದಿತು. ಕಾಯಿಲೆಯೇ ಎಂದು ಯಾರೋ ಕೇಳಿದ್ದಕ್ಕೆ ಆ ಹೆಂಗಸು, “ಇಲ್ಲ, ಚೆನ್ನಾಗೈತೆ. ಚೆನ್ನಾಗೈತೆ ಅಂತ ತೋರ್ಸಕ್ಕೆ ಹೋಗ್ತಾ ಇದೀನಿ,” ಎಂದರಂತೆ. ನಮ್ಮವರು ಇದನ್ನು ಊರೆಲ್ಲ ಹೇಳಿಕೊಂಡು ತಿರುಗಿದರು.

ಈ ಹಟ ಅವರಿಗೆ ಎಲ್ಲಿಂದ ಬಂತು ಎಂದು ನಾನೊಮ್ಮೆ ಕೇಳಿದೆ. ಅವರು ಸರ್ಕಾರಿ ಕೆಲಸದಲ್ಲಿದ್ದಾಗ ಬಹುಕಾಲ ಸಿರಾ ಕಡೆ, ಹುಲಿಕುಂಟೆಯ ಸುತ್ತಮುತ್ತ ಕುರಿಗಳ ನಡುವೆ ಇದ್ದವರು. “ಅಲ್ಲಿ ನಾನು ಹೋಗ್ತಿದ್ದದ್ದೆಲ್ಲಾ ತಡವಾಗಿ ಟೀಚರೇ. ಮಂದೆ ಅರ್ಧ ಮಲಗಿದ ಮೇಲೆ ಹೇಳಿ ಕಳಿಸೋರು. ಕುರಿ ಕಾಯೋರಿಗೆ ಒಂದೊಂದು ಕುರಿನೂ ಚೆನ್ನಾಗಿದ್ದಾಗ ಹೆಂಗಿರುತ್ತೆ ಅಂತ ಗೊತ್ತು. ನನಗೆ ಕಾಯಿಲೆ ಕುರಿ ಮಾತ್ರ ಗೊತ್ತು. ಸರ್ವೀಸೆಲ್ಲಾ ಬರೀ ಕಾಯಿಲೆ ಮುಖ ನೋಡಿ ಕಳೆದೆ. ರಿಟೈರಾದ ಮೇಲೆ ಚೆನ್ನಾಗಿರೋ ಮುಖಗಳನ್ನ ನೋಡಬೇಕು ಅನ್ನಿಸ್ತು, ಅಷ್ಟೆ.” ಇಷ್ಟು ಹೇಳಿ ಸೂರಿಯ ಉಗುರು ಕತ್ತರಿಸಲು ಶುರು ಮಾಡಿದರು.

ಸೂರಿ ಮೂರು ವರ್ಷದವನಾಗಿದ್ದಾಗ ನಡೆದದ್ದನ್ನು ಹೇಳದೆ ಇದ್ದರೆ ಅವರ ವಿಷಯ ಹೇಳಿದಂತಾಗುವುದಿಲ್ಲ.

ನಮ್ಮ ಎದುರು ಮನೆಯ ರಂಗಣ್ಣ ಗೂಡ್ಸ್ ಆಟೋ ಓಡಿಸುವವರು. ಅವರ ಮಗಳು ಚಿನ್ನು ಆಗ ಒಂದನೇ ಕ್ಲಾಸು. ಒಂದು ಭಾನುವಾರ ಬೆಳಿಗ್ಗೆ ಅವಳ ಚೆಂಡು ಉರುಳಿಕೊಂಡು ನಮ್ಮ ಗೇಟಿನೊಳಗೆ ಬಂತು. ಸೂರಿ ಕಟ್ಟಿದ ಜಾಗದಲ್ಲೇ ಊಟ ಮಾಡುತ್ತಿದ್ದ. ಮಗು ಚೆಂಡಿಗಾಗಿ ಅವನ ತಟ್ಟೆಯ ಮೇಲೆ ಬಗ್ಗಿದಳು. ಅವನು ಮೊಣಕೈ ಹತ್ತಿರ ಕಚ್ಚಿಬಿಟ್ಟ. ಹಲ್ಲು ಇಳಿದು ರಕ್ತ ಬಂತು. ಆ ವಾರವೇ ಸಂತೆ ಮೈದಾನದ ಕಡೆ ಹುಚ್ಚುನಾಯಿಯೊಂದು ನಾಲ್ಕಾರು ಜನರನ್ನು ಕಚ್ಚಿ, ಊರೆಲ್ಲ ಅದೇ ಮಾತಾಗಿತ್ತು.

ನಾನು ಮಗುವನ್ನು ಎತ್ತಿಕೊಳ್ಳುವಷ್ಟರಲ್ಲಿ ರಂಗಣ್ಣ ಕಬ್ಬಿಣದ ಜಾಕಿ ರಾಡು ಹಿಡಿದು ಬಂದರು. ಹಿಂದೆ ಬೀದಿಯ ಜನ. “ಟೀಚರಮ್ಮ, ಮಗೀನ ಇತ್ಲಾಗೆ ಕೊಟ್ಟು ಪಕ್ಕಕ್ಕೆ ಸರ್ಕಳಿ. ಇದನ್ನ ಇವತ್ತು ಉಳಿಸಾಕಿಲ್ಲ ನಾನು.” ಅಷ್ಟು ದಿನ ಬಲ್ಲ ಮನುಷ್ಯನ ಮುಖ ಹಾಗೆ ಆಗಿದ್ದನ್ನು ನಾನು ನೋಡಿರಲಿಲ್ಲ. ಕಣ್ಣು ನೆಟ್ಟಗೆ ಸೂರಿಯ ಮೇಲಿತ್ತು. ನಮ್ಮವರು ಡ್ಯೂಟಿ ಮೇಲೆ ಹೋಗಿದ್ದರು. ನಾನು ಗೇಟಿಗೆ ಅಡ್ಡ ನಿಂತು ಡಾಕ್ಟ್ರಮ್ಮನಿಗೆ ಫೋನು ಮಾಡಿದೆ.

ಸ್ಕೂಟರು ನಿಲ್ಲಿಸಿ ಒಳಗೆ ಬಂದವರು ನಾಯಿಯ ಕಡೆ ತಿರುಗಿಯೂ ನೋಡಲಿಲ್ಲ. “ಮಗು ಎಲ್ಲಿ?” ಎಂದರು. ನಲ್ಲಿ ಬಿಟ್ಟು, ಬಟ್ಟೆ ಸೋಪು ತರಿಸಿ, ಮಗುವಿನ ಕೈಯನ್ನು ನೀರಿನ ಕೆಳಗೆ ಹಿಡಿದು ತೊಳೆಯಲು ಶುರು ಮಾಡಿದರು. ಚಿನ್ನು ಕಿರುಚಿದಳು.

“ಉರಿಯುತ್ತೆ, ಗೊತ್ತು ಕಣಮ್ಮ. ನನ್ನ ಬೈಕೋ. ಬಾಯ್ತುಂಬ ಬೈ.”

“ನೀನು ಕೆಟ್ಟ ಡಾಕ್ಟ್ರು!”

“ಹೂಂ, ಇನ್ನೊಂದು ಬೈ.”

ತೊಳೆಯುವುದು ಮುಗಿಯುವಂತೆಯೇ ಕಾಣಲಿಲ್ಲ. ರಂಗಣ್ಣ ಸಹಿಸಲಾರದೆ, “ಇನ್ನೂ ಎಷ್ಟೊತ್ತು ತೊಳೀತೀರ? ಮೊದ್ಲು ಆ ನಾಯಿನ ನೋಡಿ ಅಂದ್ರೆ!” ಎಂದು ಕೂಗಿದರು.

“ನಾಯಿ ಕಾಯುತ್ತೆ ರಂಗಣ್ಣ. ಗಾಯ ಕಾಯಲ್ಲ,” ಎಂದರು ತಿರುಗದೆ. ಆಮೇಲೆ ನನ್ನ ಕಡೆ ನೋಡಿ, “ಈಗ ನೇರ ದೊಡ್ಡಾಸ್ಪತ್ರೆಗೆ. ಇಂಜೆಕ್ಷನ್ ಇವತ್ತೇ ಶುರುವಾಗ್ಬೇಕು.”

“ಸೂರಿಗೆ ವರ್ಷವರ್ಷವೂ ಲಸಿಕೆ ಹಾಕಿದೀರಲ್ಲ ಮೇಡಂ?” ಎಂದೆ, ಎಲ್ಲರಿಗೂ ಕೇಳಲಿ ಎಂದು.

“ಅದು ನಾಯಿಗೆ ಹಾಕಿದ್ದು. ಮಗೂಗೆ ಹಾಕಿಲ್ಲ.”

ರಂಗಣ್ಣ ಆ ಮಾತನ್ನು ಹಿಡಿದುಕೊಂಡರು. “ಅಂಗಾರೆ ನಾಯಿಗೆ ಏನೂ ಇಲ್ಲ ಅಂತ ನೀವು ಬರ್ಕೊಡ್ತೀರಾ?”

ಡಾಕ್ಟ್ರಮ್ಮ ಕೈ ಒರೆಸಿಕೊಂಡು ಅವರ ಎದುರಿಗೆ ಹೋಗಿ ನಿಂತರು. “ಇವನಿಗೆ ಏನೂ ಇಲ್ಲ ಅಂತ ನನ್ನ ಮನಸ್ಸು ಹೇಳುತ್ತೆ. ಆದ್ರೆ ನಿಮ್ಮ ಮಗಳ ವಿಷಯದಲ್ಲಿ ನನ್ನ ಮನಸ್ಸನ್ನ ನಂಬಬೇಡಿ. ಹತ್ತು ದಿನ ಇವನು ಬದುಕಿರಬೇಕು. ಹತ್ತು ದಿನ ಚೆನ್ನಾಗಿದ್ರೆ, ಕಚ್ಚಿದಾಗ ಇವನ ಜೊಲ್ಲಲ್ಲಿ ಆ ಕಾಯಿಲೆ ಇರಲಿಲ್ಲ ಅಂತ ಅರ್ಥ. ಈಗ್ಲೇ ಹೊಡೆದ್ಹಾಕಿದ್ರೆ ನೋಡೋಕೆ ಏನುಳೀತು? ಮಗಳ ಮುಖ ನೋಡ್ತಾ ಅನುಮಾನದಲ್ಲೇ ಇರ್ತೀರ.”

ಗುಂಪಿನಲ್ಲಿ ಯಾರೋ, “ಇವ್ರ ಮನೇಲೇ ಇದ್ರೆ ಸತ್ರೂ ಹೇಳಾಕಿಲ್ಲ, ಓಡೋಯ್ತು ಅಂದ್ಬುಡ್ತಾರೆ,” ಎಂದರು.

“ನನ್ನ ಮನೇಲಿರ್ತಾನೆ. ರಂಗಣ್ಣ, ದಿನಾ ಬೆಳಿಗ್ಗೆ ಬಂದು ನಿಮ್ಮ ಕಣ್ಣಲ್ಲೇ ನೋಡಿ. ಬರ್ಲೇಬೇಕು. ಬರ್ದಿದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ.”

ರಾಡು ಕೆಳಗಿಳಿಯಿತು. ರಂಗಣ್ಣನ ಆಟೋದಲ್ಲೇ ಮಗುವನ್ನು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟ್ರಮ್ಮ ನಮ್ಮ ಜೊತೆ ಬಂದು, ಗಾಯದ ಸುತ್ತಲೂ ಚುಚ್ಚುವ ಔಷಧಿಯನ್ನೂ ಕೊಡಿಸಿ, ಮುಂದೆ ಯಾವಾಗ ಯಾವಾಗ ಬರಬೇಕೆಂದು ಜೊತೆಗೆ ಬಂದಿದ್ದ ಚಿನ್ನುವಿನ ತಾಯಿಗೆ ತಿಳಿಯುವಂತೆ ಹೇಳಿ, ಆಮೇಲೆ ಬಂದು ಸೂರಿಯನ್ನು ತಮ್ಮ ಮನೆಗೆ ನಡೆಸಿಕೊಂಡು ಹೋದರು. ಅಕ್ಕ ಎರಡು ದಿನ ತಂಗಿಯೊಡನೆ ಮಾತು ಬಿಟ್ಟಿದ್ದರಂತೆ.

ಶಾಲೆಗೆ ಹೋಗುವ ಮುಂಚೆ ನಾನೂ ದಿನಾ ಅಲ್ಲಿಗೆ ಹೋಗುತ್ತಿದ್ದೆ. ಸೂರಿಯನ್ನು ಹಿತ್ತಲಿನ ತಂತಿ ಬಾಗಿಲಿನ ಹಿಂದೆ ಇಟ್ಟಿದ್ದರು. ರಂಗಣ್ಣ ಬರುವರು, ದೂರ ನಿಂತು ನೋಡುವರು, ಒಂದು ಮಾತೂ ಆಡದೆ ಹೋಗುವರು. ಡಾಕ್ಟ್ರಮ್ಮ ಸುಮ್ಮನೆ ಬಿಡಲಿಲ್ಲ. “ಇವತ್ತು ಹೆಂಗೆ ಕಾಣ್ತಾನೆ, ನೀವೇ ಹೇಳಿ.”

“ನಂಗೇನು ಗೊತ್ತಾಯ್ತದೆ?”

“ಕಣ್ಣು ನೋಡಿ. ನಡಿಗೆ ನೋಡಿ. ಬೊಗಳೋ ದನಿ ನಿನ್ನೆ ಥರಾನೇ ಐತಾ? ದವಡೆ ಜೋತು ಬಿದ್ದೈತಾ?”

ರಂಗಣ್ಣ ಒಲ್ಲದ ಮನಸ್ಸಿನಿಂದ ನೋಡಿ, “ನಿನ್ನೆ ಅಂಗೇ ಅವ್ನೆ,” ಎನ್ನುವರು. ಹೀಗೆ ಕೆಲವು ದಿನ ಕಳೆಯಿತು. ಒಂದು ಬೆಳಿಗ್ಗೆ ನಾನೂ ರಂಗಣ್ಣನೂ ಡಾಕ್ಟ್ರಮ್ಮನ ಜೊತೆ ಅಲ್ಲಿದ್ದಾಗ ಅಕ್ಕ ಅಲ್ಯೂಮಿನಿಯಂ ಬೋಗುಣಿಯಲ್ಲಿ ನೀರು ತಂದು ತಂತಿ ಬಾಗಿಲಿನ ಕೆಳಗಿನಿಂದ ಒಳಗೆ ತಳ್ಳಿದರು. ಸೂರಿ ಚಪಚಪ ಸದ್ದು ಮಾಡುತ್ತ ಕುಡಿಯತೊಡಗಿದ. ರಂಗಣ್ಣ ಒಂದು ಹೆಜ್ಜೆ ಮುಂದೆ ಬಂದರು. ಬೋಗುಣಿ ಬರಿದಾಗುವವರೆಗೆ ನೋಡಿದರು. ಆಮೇಲೆ ಹಿತ್ತಲಿನ ಮೆಟ್ಟಿಲ ಮೇಲೆ ಕುಸಿದು ಕೂತು ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡರು.

“ನೀರು ಕುಡೀತು,” ಎಂದರು. “ನೀರು ಕುಡೀತಲ್ಲ ಕಣಮ್ಮ.”

ಆಮೇಲೆ ಅವರೇ ಹೇಳಿದರು. ಹುಲಿಕುಂಟೆ ಹತ್ತಿರದ ಹಳ್ಳಿಯಲ್ಲಿ ಅವರು ಹುಡುಗರಾಗಿದ್ದಾಗ ಅವರ ತಮ್ಮನಿಗೆ ಒಂದು ಮರಿನಾಯಿ ಆಡುತ್ತಾ ಆಡುತ್ತಾ ಹಲ್ಲು ತಾಕಿಸಿತ್ತು. “ಮರಿ ಅಲ್ವಾ ಅಂತ ಸುಣ್ಣ ಹಚ್ಚಿ ಬುಟ್ಬುಟ್ರು ಮನೇಲಿ. ಎಲ್ರಿಗೂ ಮರ್ತೇ ಹೋಗಿತ್ತು. ಆಮ್ಯಾಕೆ ಒಂದಿನ ನೀರು ಬೇಕು ಅಂದ. ನಾನೇ ಲೋಟ ತಗಂಡೋದೆ. ಲೋಟ ನೋಡಿ ಕಿರುಚ್ಕಂಡ. ಬಾಯಾರಿಕೆ ಅವ್ನಿಗೆ, ನೀರು ಕೊಡು ಅಂತಾನೆ, ಹತ್ರ ತಂದ್ರೆ ಕಿರುಚ್ತಾನೆ. ನಾನು ಲೋಟ ಹಿಡ್ಕಂಡು ನಿಂತೇ ಇದ್ದೆ. ಏನ್ ಮಾಡ್ಬೇಕು ಅಂತಲೇ ಗೊತ್ತಾಗ್ಲಿಲ್ಲ ನಂಗೆ.”

ಡಾಕ್ಟ್ರಮ್ಮ ಬೋಗುಣಿಯನ್ನು ಈಚೆ ಎಳೆದು, ಮತ್ತೆ ನೀರು ತುಂಬಿ, ಒಳಗೆ ತಳ್ಳಿದರು. ಸೂರಿ ಬಂದು ಇನ್ನೂ ನಾಲ್ಕು ಗುಟುಕು ಕುಡಿದ. ಮೂವರೂ ನೋಡುತ್ತ ಕೂತೆವು. ನನಗೆ ಅವತ್ತು ಶಾಲೆಯ ಮೊದಲ ಪೀರಿಯಡ್ ತಪ್ಪಿತು.

ಮಾರನೆಯ ದಿನದಿಂದ ರಂಗಣ್ಣ ಬರುವ ಹೊತ್ತಿಗೆ ಸರಿಯಾಗಿ ನೀರು ಇಡುವುದು ವಾಡಿಕೆಯಾಯಿತು. ಅಕ್ಕ ಅವರಿಗೆ ಕಾಫಿ ಕೊಡತೊಡಗಿದರು. ಸೂರಿಗೆ ಮಜ್ಜಿಗೆಯಲ್ಲಿ ಕಲಸಿದ ಮುದ್ದೆ ಹೋಗುತ್ತಿದ್ದುದನ್ನೂ ನಾನು ಕಂಡೆ, ಕಾಣದವಳಂತೆ ಇದ್ದೆ.

ಹತ್ತು ದಿನ ಕಳೆದ ಮೇಲೆ ಡಾಕ್ಟ್ರಮ್ಮ ಸೂರಿಯನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷೆ ಮಾಡಿದರು. ಗೆದ್ದವರ ಹಾಗೆ ಏನೂ ಹೇಳಲಿಲ್ಲ. ಮಗುವಿಗೆ ಉಳಿದ ಇಂಜೆಕ್ಷನ್ನುಗಳ ವಿಷಯ ಆಸ್ಪತ್ರೆಯ ಡಾಕ್ಟರು ಹೇಳಿದಂತೆಯೇ ಕೇಳಬೇಕೆಂದರು. ಆಮೇಲೆ, “ರಂಗಣ್ಣ, ಒಂದು ಮಾತು,” ಎಂದರು. “ನೀರಿನ ಭಯ ಮನುಷ್ಯರಿಗೆ ಬರೋದು. ನಾಯಿಗಳಿಗೆ ಅದು ಬರಲ್ಲ. ಹುಚ್ಚು ಹಿಡಿದ ನಾಯಿನೂ ನೀರಿಗೆ ಬಾಯಿ ಹಾಕುತ್ತೆ. ನಾನು ದಿನಾ ನೋಡ್ತಿದ್ದದ್ದು ಬೇರೆ ಗುರುತುಗಳನ್ನ. ನಾಳೆ ಇನ್ಯಾವುದೋ ನಾಯಿ ನೀರು ಕುಡೀತು ಅಂತ ನೀವು ಧೈರ್ಯ ಮಾಡಬಾರದು, ಅದಕ್ಕೆ ಹೇಳ್ತಿದೀನಿ.”

ರಂಗಣ್ಣ ಅವರನ್ನೇ ನೋಡಿದರು. “ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?”

“ಅವತ್ತು ನೀವು ನೋಡ್ತಿದ್ದದ್ದು ಸೂರಿನಲ್ಲ.”

ರಂಗಣ್ಣ ಕೈ ಚಾಚಿ, “ಚೈನು ಇತ್ಲಾಗೆ ಕೊಡಿ,” ಎಂದರು. ಬೀದಿಯ ಜನ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದಂತೆ ಸೂರಿಯನ್ನು ತಾವೇ ಹಿಡಿದುಕೊಂಡು ನಮ್ಮ ಗೇಟಿನವರೆಗೆ ನಡೆಸಿಕೊಂಡು ಬಂದರು. ಡಾಕ್ಟ್ರಮ್ಮ ಹಿಂದೆ ಬಂದು, ಗೇಟಿನ ಹತ್ತಿರ ಊಟ ಹಾಕಬಾರದೆಂದು ನನಗೆ ಗದರಿಸಿ, ಹಿತ್ತಲಿನಲ್ಲಿ ಜಾಗ ತೋರಿಸಿ ಹೋದರು.

ಚಿನ್ನು ಮಾತ್ರ ಸೂರಿಯನ್ನು ಕಂಡರೆ ಹೆದರುತ್ತಿದ್ದಳು. ನಾವು ‘ಮುಟ್ಟು, ಏನೂ ಮಾಡಲ್ಲ’ ಎಂದು ಹೇಳಹೊರಟಾಗ ಡಾಕ್ಟ್ರಮ್ಮ ತಡೆದರು. “ಭಯ ಇದ್ರೆ ಇರ್ಲಿ ಬುಡಿ. ಅವಳಿಗೆ ಹಲ್ಲು ತಾಕಿದೆ, ನಮಗಲ್ಲ.” ಈಗ ಅವಳು ನನ್ನ ಶಾಲೆಯಲ್ಲೇ ಓದುತ್ತಿದ್ದಾಳೆ. ಇವತ್ತಿಗೂ ನಾಯಿಗಳನ್ನು ಮುಟ್ಟುವುದಿಲ್ಲ. ಅದರಿಂದ ಯಾರಿಗೂ ನಷ್ಟವಾಗಿಲ್ಲ. ರಂಗಣ್ಣ ಅಂದಿನಿಂದ ವರ್ಷಕ್ಕೊಮ್ಮೆ ತಮ್ಮ ಆಟೋವನ್ನು ಡಾಕ್ಟ್ರಮ್ಮನಿಗೆ ಬಿಟ್ಟುಕೊಡುತ್ತಿದ್ದರು. ಬೀದಿನಾಯಿಗಳಿಗೆ ಲಸಿಕೆ ಹಾಕಲು ಇಬ್ಬರೂ ಬೆಳಿಗ್ಗೆ ಹೊರಟರೆ ಊರಿನ ಗಲ್ಲಿ ಗಲ್ಲಿ ಸುತ್ತುವರು. ಹಿಂದಿನ ತೊಟ್ಟಿಯಲ್ಲಿ ಬಲೆ, ಐಸ್ ಡಬ್ಬಿ, ಮತ್ತು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತ ಡಾಕ್ಟ್ರಮ್ಮ. “ರಾ ರಾ ಮಂಚೋಡಾ,” ಬಾ ಬಾ ಒಳ್ಳೆಯವನೇ, ಎಂದು ಅವರು ಕರೆಯುತ್ತಿದ್ದರೆ ಮುಂದಿನ ಸೀಟಿನಿಂದ ರಂಗಣ್ಣನೂ ಹರಕುಮುರುಕು ತೆಲುಗಿನಲ್ಲಿ ದನಿಗೂಡಿಸುತ್ತಿದ್ದರು.

ಹೋದ ವರ್ಷ ಡಾಕ್ಟ್ರಮ್ಮ ಎದೆನೋವೆಂದು ತುಮಕೂರಿಗೆ ಹೋಗಿ ತೋರಿಸಿಕೊಂಡು ಬಂದರು. ಭಾರ ಎತ್ತಬಾರದು, ದಣಿಯಬಾರದು ಎಂದಿದ್ದರು ಡಾಕ್ಟರು. ಆ ಸಮಯಕ್ಕೆ ಊರಾಚೆ ಮುಖ್ಯರಸ್ತೆಯಲ್ಲಿ ಗಾಜಿನ ಬಾಗಿಲಿನ ಹೊಸ ಪ್ರಾಣಿ ಆಸ್ಪತ್ರೆಯೊಂದು ಬಂದಿತ್ತು. ಓದು ಮುಗಿಸಿ ಬಂದ ಇನ್ನೂ ಚಿಕ್ಕ ವಯಸ್ಸಿನ ಡಾಕ್ಟರು. ನಮಗೆ ಯಾರಿಗೂ ಅಲ್ಲಿಗೆ ಹೋಗಲು ಮನಸ್ಸಿರಲಿಲ್ಲ. ಡಾಕ್ಟ್ರಮ್ಮ ಎಷ್ಟೇ ನಿಧಾನವಾದರೂ ಅವರೇ ನೋಡಲಿ ಎಂದು ಹಟ ಹಿಡಿದೆವು.

ಅದಕ್ಕೆ ಅವರೇ ದಾರಿ ಮಾಡಿದರು. ಒಬ್ಬೊಬ್ಬರ ಮನೆಗೂ ಫೋನು ಮಾಡಿ, ಇಂಥ ದಿನ ಬೆಳಿಗ್ಗೆ ನಿಮ್ಮ ಪ್ರಾಣಿಯನ್ನು ಕರೆದುಕೊಂಡು ಹೊಸ ಆಸ್ಪತ್ರೆಗೆ ಬನ್ನಿ, ನಾನೂ ಅಲ್ಲಿರುತ್ತೇನೆ ಎಂದರು. ಹೀಗೆ ಎಷ್ಟೋ ಬೆಳಿಗ್ಗೆ ಆ ಡಾಕ್ಟರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಂದ ಒಂದೊಂದನ್ನೂ ಪರಿಚಯ ಮಾಡಿಕೊಟ್ಟರು. ಇವಳು ಎಡಗಿವಿ ಮುಟ್ಟಿದರೆ ಪರಚುತ್ತಾಳೆ, ಇವನಿಗೆ ಬೇಸಿಗೆಯಲ್ಲಿ ಉಣ್ಣಿ ಕಚ್ಚಿ ಜ್ವರ ಬಂದಿತ್ತು, ಈ ತಾತನ ಜೇಬು ನೋಡಿ.

ನಮ್ಮ ಸರದಿ ಬಂದಾಗ ಸೂರಿಗೆ ವಯಸ್ಸಾಗಿತ್ತು. ಮೂತಿಯೆಲ್ಲ ನೆರೆತು, ಹಿಂಗಾಲು ಬಿಗಿಯಾಗಿತ್ತು. ಹೊಳೆಯುವ ಉಕ್ಕಿನ ಮೇಜಿನ ಮೇಲೆ ನಿಲ್ಲಿಸಿದ ಕೂಡಲೇ ನಡುಗತೊಡಗಿದ. ಡಾಕ್ಟ್ರಮ್ಮ ಅವನ ಬೆನ್ನಿನ ಮೇಲೆ ಕೈ ಇಟ್ಟರು. ನಡುಕ ನಿಂತಿತು. ಚಿಕ್ಕ ಡಾಕ್ಟರು ಸ್ಟೆತಸ್ಕೋಪ್ ಹಿಡಿದು ಹತ್ತಿರ ಬಂದರೆ ಮಾತ್ರ ಸೂರಿ ಹಲ್ಲು ಬಿಟ್ಟು ಗುರ್ ಎಂದು ಡಾಕ್ಟ್ರಮ್ಮನ ಸೆರಗಿನೊಳಗೆ ಮುಖ ತೂರಿಸಿದ. ಎರಡು ಸಲ ಹೀಗೇ ಆಯಿತು. ಆ ಡಾಕ್ಟರು, “ಪರವಾಗಿಲ್ಲ ಮೇಡಂ, ನೀವು ಹಿಡ್ಕೊಂಡೇ ಇರಿ, ಇಲ್ಲಿಂದಲೇ ನೋಡ್ತೀನಿ,” ಎಂದರು.

ಡಾಕ್ಟ್ರಮ್ಮ ಸ್ವಲ್ಪ ಯೋಚಿಸಿದರು. ಆಮೇಲೆ ಸೂರಿಯ ಬೆನ್ನಿನಿಂದ ಕೈ ತೆಗೆದರು. “ನಾನಿದ್ರೆ ಅವನು ನಿಮ್ಮ ಕಡೆ ನೋಡೋದೇ ಇಲ್ಲ,” ಎಂದು ಹೇಳಿ, ಎದ್ದು, ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಹೊರಗೆ ಹೋದರು. ಗಾಜಿನ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ನಮಗೆ ಬೆನ್ನು ಹಾಕಿ, ರಸ್ತೆ ನೋಡುತ್ತ ಕೂತರು.

ಸೂರಿ ಬಹಳ ಹೊತ್ತು ಬಾಗಿಲನ್ನೇ ನೋಡಿದ. ಆ ಡಾಕ್ಟರು ಅವಸರ ಮಾಡಲಿಲ್ಲ, ಅವರೂ ಸುಮ್ಮನೆ ನಿಂತಿದ್ದರು. ಕೊನೆಗೆ ಸೂರಿ ಕುತ್ತಿಗೆ ಇಳಿಸಿ, ಮುಂದೆ ಚಾಚಿದ್ದ ಅಪರಿಚಿತ ಕೈಯನ್ನು ಒಮ್ಮೆ ಮೂಸಿ, ಉಸಿರು ಬಿಟ್ಟು, ಮೇಜಿನ ಮೇಲೆ ಮಲಗಿದ.

ತಪಾಸಣೆ ಮುಗಿಸಿ ಹೊರಗೆ ಬಂದಾಗ ಡಾಕ್ಟ್ರಮ್ಮ ಅದೇ ಭಂಗಿಯಲ್ಲಿ ಕೂತಿದ್ದರು. ನನ್ನ ಹೆಜ್ಜೆಯ ಸದ್ದಿಗೂ ತಿರುಗಲಿಲ್ಲ.

“ಹೆಂಗಿದ್ದ?” ಎಂದರು.

“ಮೊದಲು ನಿಮ್ಮನ್ನ ಹುಡುಕಿದ. ಆಮೇಲೆ ಸುಮ್ಮನೆ ಮಲಗಿ ತೋರಿಸಿಕೊಂಡ.”

“ಹಂಗಾದ್ರೆ ಸರಿ,” ಎಂದರು. ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು, ಬೆಂಚು ಹಿಡಿದು ಎದ್ದು, ಅಷ್ಟರಲ್ಲಿ ಆಟೋದಿಂದ ಬೆಕ್ಕಿನ ಬುಟ್ಟಿ ಇಳಿಸುತ್ತಿದ್ದವರ ಕಡೆಗೆ ಹೋದರು.